ಒಳಸಂಬಂಧವೂ ವೈದ್ಯರ ಮೌನವೂ

ಶಹಾಪುರ ತಾಲ್ಲೂಕಿನ ವನದುರ್ಗದಂಥ ಹಳ್ಳಿಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಇಂದಿಗೂ ಅಪರೂಪವಲ್ಲ. ಹೊಲ ಒಡೆಯದು, ಹುಡುಗಿ ಕಣ್ಣೆದುರೇ ಇರುತ್ತಾಳೆ ಎಂಬುದು ಹಿರಿಯರ ಲೆಕ್ಕ. ವಂಶವಾಹಿಯ ಲೆಕ್ಕವೇ ಬೇರೆ. ದಂಪತಿಗಳಿಬ್ಬರೂ ಥಲಸ್ಸೇಮಿಯಾ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ತಗಲುವ ಸಂಭವ ನಾಲ್ಕರಲ್ಲೊಂದು. ರಕ್ತಸಂಬಂಧಿಗಳಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು.

10,000 ಭಾರತೀಯರ ಜೀನೋಮ್ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಆ ಯೋಜನೆಯನ್ನು ಮುನ್ನಡೆಸಿದ್ದು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ. ಆದರೆ ಈ ವಿದ್ಯೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಸ್ತಿಲು ದಾಟಬೇಕಾದರೆ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಅದನ್ನು ಕಲಿತು ಊರಿನ ಮಾತಿನಲ್ಲೇ ಆಡಬೇಕು. ಸಂಬಂಧ ಬಿಡಿ ಎಂದು ಗದರಿಸಿದರೆ ಯಾರೂ ಕೇಳರು. ಮಗುವಿನ ರೋಗಕ್ಕೆ ಸೊಸೆಯನ್ನೇ ದೂರುವ ಮನೆಯಲ್ಲಿ, ದೋಷ ಇಬ್ಬರಿಂದಲೂ ಬಂದದ್ದೆಂಬ ವೈದ್ಯರ ಒಂದು ಮಾತು ಔಷಧದಷ್ಟೇ ಮುಖ್ಯವೆಂದು ನಾನು ಬಲ್ಲೆ. ವಾಹಕರನ್ನು ಗುರುತಿಸಲು ಬಹುಮಟ್ಟಿಗೆ ರಕ್ತಪರೀಕ್ಷೆ ಸಾಕು; ಅದು ಲಗ್ನಪತ್ರಿಕೆ ಅಚ್ಚಾಗುವ ಮುನ್ನವೇ ಆಗಬೇಕು.