ಪ್ರಾಸ್ಟೇಟ್ ಉರಿಯೂತ ಮತ್ತು ಸಸ್ಯೌಷಧಿಗಳು

ಪುರುಷರಲ್ಲಿ ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಅಕ್ರೋಟು ಕಾಯಿಯ ಗಾತ್ರದ ಗ್ರಂಥಿಯೇ ಪ್ರಾಸ್ಟೇಟ್. ಇದು ಹಿಗ್ಗುವುದು ಸಾಮಾನ್ಯವಾಗಿ ವಯೋವೃದ್ಧರ ತೊಂದರೆ. ಆದರೆ ಇದರ ಉರಿಯೂತವು ದುಡಿಯುವ ವಯಸ್ಸಿನವರನ್ನೂ ಬಿಡದು. ಕೆಳಹೊಟ್ಟೆಯಲ್ಲಿ, ತೊಡೆಸಂದಿಯಲ್ಲಿ ನೋವು, ಮೂತ್ರದಲ್ಲಿ ಉರಿ, ಪದೇ ಪದೇ ಮೂತ್ರಶಂಕೆ ಇದರ ಲಕ್ಷಣಗಳು. ಮೂರು ತಿಂಗಳಿಗೂ ಮೀರಿ ಕಾಡಿದರೆ ಅದು ದೀರ್ಘಕಾಲಿಕವೆನಿಸುತ್ತದೆ. ಸಂಕೋಚದಿಂದ ಮನೆಯವರಿಗೂ ತಿಳಿಸದೆ, ಜಾಹೀರಾತನ್ನು ನಂಬಿ ಗುಳಿಗೆ ತರಿಸಿಕೊಳ್ಳುವವರು ಹಲವರು.

ವ್ಯಾಧಿಯ ಬಗೆಯನ್ನರಿಯದೆ ಔಷಧಿಯನ್ನು ಆರಿಸುವುದು ಸಲ್ಲದು. ರೋಗಾಣುಗಳಿಂದ ಬಂದ ಉರಿಯೂತಕ್ಕೆ ಆಂಟಿಬಯೋಟಿಕ್ ಚಿಕಿತ್ಸೆ ಅವಶ್ಯ. ಗಿಡಮೂಲಿಕೆ ಅದಕ್ಕೆ ಬದಲಿಯಲ್ಲ. ಆದರೆ ದೀರ್ಘಕಾಲಿಕ ರೋಗಿಗಳ ಪೈಕಿ ಬಹುಪಾಲು ಮಂದಿಯಲ್ಲಿ ರೋಗಾಣುವೇ ಕಾಣಸಿಗದು. ಸಸ್ಯೌಷಧಿಗಳ ವಿಚಾರ ಪ್ರಸ್ತುತವಾಗುವುದು ಇಲ್ಲಿಯೇ.

ಮೊದಲನೆಯದು ಕ್ವೆರ್ಸೆಟಿನ್. ಈರುಳ್ಳಿಯೇ ಮೊದಲಾದವುಗಳಲ್ಲಿರುವ ಈ ದ್ರವ್ಯವನ್ನು 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 500 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಒಂದು ತಿಂಗಳು ನೀಡಲಾಯಿತು. ಅದನ್ನು ಸೇವಿಸಿದವರಲ್ಲಿ ಶೇಕಡ 67 ಮಂದಿಗೆ ಗಮನಾರ್ಹ ಉಪಶಮನ ದೊರೆಯಿತು. ಹುಸಿಗುಳಿಗೆ ಪಡೆದವರಲ್ಲಿ ಶೇಕಡ 20 ಮಂದಿಗೆ ಮಾತ್ರ. ಆದರೆ ಅದು ಸುಮಾರು 30 ರೋಗಿಗಳ ಕಿರುಪ್ರಯೋಗ. ಅಲ್ಲದೆ ಅಷ್ಟು ಪ್ರಮಾಣ ಊಟದ ಈರುಳ್ಳಿಯಿಂದ ದೊರಕಲಾರದು. ಎರಡನೆಯದು ರೈ ಎಂಬ ಧಾನ್ಯದ ಪರಾಗಸಾರ. 2009ರಲ್ಲಿ ಪ್ರಕಟವಾದ, 139 ರೋಗಿಗಳ ಮೇಲೆ 12 ವಾರ ನಡೆದ ಜರ್ಮನಿಯ ಪ್ರಯೋಗದಲ್ಲಿ ಇದು ನೋವನ್ನು ತಗ್ಗಿಸಿತು. ಬಹು ಪ್ರಚಾರ ಪಡೆದ ಅಮೆರಿಕದ ಕುಬ್ಜ ತಾಳೆ 'ಸಾ ಪಾಲ್ಮೆಟೊ' ಮಾತ್ರ 2004ರ ವರದಿಯಂತೆ ಒಂದು ವರ್ಷ ಸೇವಿಸಿದರೂ ಹೇಳಿಕೊಳ್ಳುವಂಥ ಗುಣ ತೋರಲಿಲ್ಲ.

ನಮ್ಮ ಆಯುರ್ವೇದದಲ್ಲಿ ನೆಗ್ಗಿಲು, ಪುನರ್ನವ, ವರುಣ ಇವು ಮೂತ್ರವಿಕಾರಗಳಿಗೆ ಪ್ರಸಿದ್ಧವಾದವು. ಆದರೆ ಪರಂಪರೆಯ ಮನ್ನಣೆ ಬೇರೆ, ಪ್ರಯೋಗದ ಪುರಾವೆ ಬೇರೆ. ಬೋಸ್ಟನ್ ನಗರದಲ್ಲಿ ಮಾರಾಟಕ್ಕಿದ್ದ ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಕಂಡುಬಂದುದು 2004ರಲ್ಲಿ ವರದಿಯಾಯಿತು. ಆದುದರಿಂದ ಇವನ್ನು ಅರ್ಹ ವೈದ್ಯರ ಸಲಹೆಯಿಂದಲೇ ಸೇವಿಸತಕ್ಕದ್ದು. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರಂತೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮಹಾನಗರದ ಉದ್ಯೋಗಸ್ಥರು ಗಂಟೆಗಟ್ಟಲೆ ಒಂದೇ ಕಡೆ ಕುಳಿತಿರದೆ ನಡುನಡುವೆ ಎದ್ದು ಓಡಾಡಬೇಕು; ಪ್ರಯಾಣದಲ್ಲಿ ಮೂತ್ರವನ್ನು ಬಹಳ ಹೊತ್ತು ತಡೆಹಿಡಿಯಬಾರದು. ಬೆಚ್ಚನೆಯ ನೀರಿನಲ್ಲಿ ಸೊಂಟ ಮುಳುಗುವಂತೆ ಕುಳಿತರೆ ನೋವು ಶಮನವಾಗುವುದುಂಟು. ಚಳಿಜ್ವರ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಮೂಲಿಕೆಯನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಮೊದಲು ಮೂತ್ರಪರೀಕ್ಷೆ, ಅನಂತರ ಔಷಧಿ. ಈ ಕ್ರಮ ತಪ್ಪದಿದ್ದಲ್ಲಿ ಹಣವೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.