ಅರ್ಧ ಸುತ್ತು ಹೆಚ್ಚಾದರೆ!

ಹಳೆಯ ಕಾರನ್ನು ಮನೆಯಲ್ಲಿಟ್ಟುಕೊಂಡು ಅದರ ಸೇವೆಯನ್ನು ತಾವೇ ಮಾಡಿಕೊಳ್ಳುವವರಿಗೆಲ್ಲ ಒಂದು ಕ್ಷಣದ ಅನುಭವ ಎಂದಾದರೊಮ್ಮೆ ಆಗಿಯೇ ಇರುತ್ತದೆ. ಸ್ಪ್ಯಾನರಿನಿಂದ ಬೋಲ್ಟೊಂದನ್ನು ಬಿಗಿಮಾಡುತ್ತಿರುತ್ತೇವೆ. ಅದು ಬಿಗಿಯಾಗುತ್ತ ಬರುವುದು ಕೈಗೆ ತಿಳಿಯುತ್ತದೆ. 'ಇನ್ನು ಅರ್ಧ ಸುತ್ತು ಇರಲಿ' ಎನ್ನುತ್ತದೆ ಮನಸ್ಸು. ಕೈ ಆ ಮಾತನ್ನು ಕೇಳುತ್ತದೆ. ಮರುಕ್ಷಣವೇ ಸ್ಪ್ಯಾನರು ಹಗುರವಾಗಿ, ಬೆಣ್ಣೆಯೊಳಗೆ ತಿರುಗಿದಂತೆ ತಿರುಗಿಬಿಡುತ್ತದೆ. ಎದೆ ಧಸಕ್ಕೆನ್ನುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ಎರಡೇ ಮಾತು: 'ಥ್ರೆಡ್ ಹೋಯಿತು.'

ಕಳೆದ ವರ್ಷ ಯುಗಾದಿಗೆ ಒಂದು ವಾರವಿರುವಾಗ ನನಗೆ ಈ ಅನುಭವವಾಯಿತು. ನಮ್ಮ ತಂದೆಯವರು 1968ರಲ್ಲಿ ಕೊಂಡ ಫಿಯಟ್ 1100 ಕಾರು ಇಂದಿಗೂ ಬೆಂಗಳೂರಿನ ನಮ್ಮ ಮನೆಯ ಷೆಡ್ಡಿನಲ್ಲಿದೆ. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಮಾದರಿಯೇ ಮುಂದೆ 'ಪದ್ಮಿನಿ' ಎಂಬ ಹೆಸರಿನಿಂದ ಮನೆಮಾತಾದದ್ದು. ತಂದೆಯವರು ಗತಿಸಿ ಹಲವು ವರ್ಷಗಳಾದರೂ ಯುಗಾದಿಯಂದು ತಾಯಿಯವರನ್ನು ಅದೇ ಕಾರಿನಲ್ಲಿ ದೇವಸ್ಥಾನಕ್ಕೆ ಕರೆದೊಯ್ಯುವುದನ್ನು ನಾವು ತಪ್ಪಿಸಿಲ್ಲ. ಅದಕ್ಕಾಗಿ ಹೊಸ ಸ್ಪಾರ್ಕ್ ಪ್ಲಗ್ಗುಗಳನ್ನು ತಂದು ನಾನೇ ಹಾಕಲು ಹೊರಟೆ. ಮೊದಲೆರಡು ಸರಿಯಾಗಿ ಕೂತವು. ಮೂರನೆಯದು ಮೊದಲಿನಿಂದಲೇ ಮೊಂಡಾಟ ಮಾಡಿತು. ನಾನು ಸ್ಪ್ಯಾನರಿನ ಹಿಡಿಗೆ ಬಲ ಕೊಟ್ಟೆ. ಅದು ಗಟ್ಟಿಯಾಯಿತು, ಆಮೇಲೆ ಹಗುರವಾಯಿತು!

ಹೊರತೆಗೆದು ನೋಡಿದರೆ ಪ್ಲಗ್ಗಿನ ಸುತ್ತುಗಳಲ್ಲಿ ಅಲ್ಯೂಮಿನಿಯಮ್ಮಿನ ಸಣ್ಣ ಸುರುಳಿಗಳು ಮಿನುಗುತ್ತಿದ್ದವು.

ಬೋಲ್ಟು ಹಿಡಿಯುವುದು ಹೇಗೆ?

ಇಷ್ಟು ಸಣ್ಣ ವಸ್ತುವಿಗೆ ಇಷ್ಟೊಂದು ಚಿಂತೆಯೇಕೆ ಎಂದು ಓದುಗರು ಕೇಳಬಹುದು. ಒಂದು ಇಳಿಜಾರನ್ನು ಕಂಬಕ್ಕೆ ಸುತ್ತಿದರೆ ತಿರುಪು ಆಗುತ್ತದೆ. ಬೋಲ್ಟನ್ನು ಬಿಗಿಮಾಡಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿ, ಎಳೆದ ಸ್ಪ್ರಿಂಗಿನಂತೆ ಎರಡು ಭಾಗಗಳನ್ನು ಅದುಮಿ ಹಿಡಿಯುತ್ತದೆ. ನಮ್ಮ ಕಿರುಬೆರಳಿಗಿಂತ ತೆಳುವಾದ 8 ಮಿಲಿಮೀಟರಿನ ಉಕ್ಕಿನ ಬೋಲ್ಟು ಸರಿಯಾಗಿ ಬಿಗಿಯಾದಾಗ ಅದರಲ್ಲಿ ಸುಮಾರು ಒಂದೂವರೆ ಟನ್ನಿನ ಸೆಳೆತವಿರುತ್ತದೆ. ಇದು ನಮ್ಮ ಫಿಯಟ್ಟಿನ ಇಡೀ ತೂಕಕ್ಕಿಂತ ಹೆಚ್ಚು!

ಈ ಭಾರವನ್ನು ಎಲ್ಲ ಸುತ್ತುಗಳೂ ಸಮವಾಗಿ ಹೊರುವುದಿಲ್ಲ. ಮೊದಲ ಕೆಲವು ಸುತ್ತುಗಳ ಮೇಲೆಯೇ ಹೆಚ್ಚಿನ ಹೊರೆ ಬೀಳುತ್ತದೆ. ಅವು ಹರಿದರೆ ಹೊರೆ ಮುಂದಿನ ಸುತ್ತುಗಳಿಗೆ ವರ್ಗವಾಗುತ್ತದೆ, ಅವೂ ಹರಿಯುತ್ತವೆ. ಬೋಲ್ಟು ಉಕ್ಕಿನದು, ರಂಧ್ರ ಮೃದುವಾದ ಅಲ್ಯೂಮಿನಿಯಮ್ಮಿನದು ಎಂದಾದರೆ ಸೋಲುವುದು ಯಾವಾಗಲೂ ರಂಧ್ರವೇ. ಫಿಯಟ್ಟಿನ 1089 ಸಿ.ಸಿ. ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣದ್ದು. ಪ್ಲಗ್ಗುಗಳು ಕೂರುವ ಮೇಲಿನ ಹೆಡ್ಡು ಅಲ್ಯೂಮಿನಿಯಮ್ಮಿನದು. ನನ್ನ ದುಡುಕಿಗೆ ಬಲಿಯಾದದ್ದು ಆ ಹೆಡ್ಡು.

ಬಿಡಿಭಾಗಗಳ ಅಂಗಡಿಗಳನ್ನು ಎರಡು ದಿನ ಸುತ್ತಿದೆ. ದೊರೆತದ್ದು ಒಂದೇ ಹಳೆಯ ಹೆಡ್ಡು, ಅದರಲ್ಲೂ ಬಿರುಕಿತ್ತು. 'ಇನ್ನೇಕೆ ಈ ತೊಂದರೆ? ಗುಜರಿಗೆ ಕೊಟ್ಟುಬಿಡಿ' ಎಂದು ಹಿತೈಷಿಯೊಬ್ಬರು ಸಲಹೆಯಿತ್ತರು. ತಾಯಿಯವರಿಗೆ ನಾನು ವಿಷಯವನ್ನೇ ತಿಳಿಸಲಿಲ್ಲ.

ಮೇಸ್ತ್ರಿಯ ಪಾಠ

ಕೊನೆಗೆ ಗೆಳೆಯರೊಬ್ಬರು ಹೇಳಿದ ವೃದ್ಧ ಮೇಸ್ತ್ರಿಯನ್ನು ಮನೆಗೆ ಕರೆತಂದೆ. ಅವರು ಬ್ಯಾಟರಿಯ ಬೆಳಕಿನಲ್ಲಿ ರಂಧ್ರವನ್ನು ನೋಡಿದರು; ಪ್ಲಗ್ಗನ್ನು ಕೈಯಲ್ಲಿ ಹಿಡಿದು ತಿರುಗಿಸಿದರು.

"ಪ್ಲಗ್ಗು ಅಡ್ಡ ಕೂತಿತ್ತು, ಸ್ವಾಮಿ. ಬೆರಳಲ್ಲೇ ಮೂರು ನಾಲ್ಕು ಸುತ್ತು ಹೋಗಬೇಕು. ಹೋಗದಿದ್ದರೆ ಸ್ಪ್ಯಾನರು ಮುಟ್ಟಬಾರದು. ನೀವು ಬಿಗಿ ಮಾಡ್ತಿದ್ದೀನಿ ಅಂದ್ಕೊಂಡ್ರಿ. ಅದು ಕೊರೀತಾ ಇತ್ತು."

ಅವರು ಚೀಲದಿಂದ ಬಾಚಣಿಗೆಯ ಹಲ್ಲುಗಳಂತಿದ್ದ ಗೇಜೊಂದನ್ನು ತೆಗೆದು ಪ್ಲಗ್ಗಿನ ಮೇಲಿಟ್ಟರು. "ಸುತ್ತು ಯಾವುದು ಅಂತ ಮೊದಲು ತಿಳೀಬೇಕು. ಇದು 14 ಮಿಲಿಮೀಟರು, ಸುತ್ತಿಗೆ ಸುತ್ತು ಒಂದೂಕಾಲು. ಫಿಯಟ್ಟು ಮಿಲಿಮೀಟರಿನ ಗಾಡಿ. ಅಂಬಾಸಿಡರಿನದು ಅಂಗುಲದ ಲೆಕ್ಕ. ಅದರ ಬೋಲ್ಟು ಇದಕ್ಕೆ, ಇದರದು ಅದಕ್ಕೆ ಹಾಕಿ ಕೆಡಿಸಿದ ಗಾಡಿ ಎಷ್ಟೋ ನೋಡಿದ್ದೀನಿ."

ಈ ಮಾತಿನ ಹಿಂದೆ ದೊಡ್ಡ ಇತಿಹಾಸವೇ ಇದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಒಂದೊಂದು ಕಾರ್ಖಾನೆಯೂ ತನ್ನದೇ ಬಗೆಯ ಸುತ್ತುಗಳನ್ನು ಕೊರೆಯುತ್ತಿತ್ತು. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರು ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಸಂಗ್ರಹಿಸಿ, ಅಳೆದು, ಅವುಗಳ ಸರಾಸರಿಯಿಂದ 55 ಡಿಗ್ರಿ ಕೋನದ ಒಂದು ಪ್ರಮಾಣವನ್ನು 1841ರಲ್ಲಿ ಸೂಚಿಸಿದನು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಬೇರೊಂದು ಪ್ರಮಾಣವನ್ನು ಮುಂದಿಟ್ಟನು. ಯೂರೋಪಿನಲ್ಲಿ ಮಿಲಿಮೀಟರಿನ ಪ್ರಮಾಣ ಬೆಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಬೋಲ್ಟುಗಳು ಒಂದಕ್ಕೊಂದು ಹೊಂದದೆ ಪಟ್ಟ ಪಾಡನ್ನು ನೆನೆದು, 1948ರಲ್ಲಿ ಬ್ರಿಟನ್, ಅಮೆರಿಕ ಮತ್ತು ಕೆನಡಾ ಒಂದು ಸಮಾನ ಪ್ರಮಾಣಕ್ಕೆ ಒಪ್ಪಿದವು.

ಹಳೆಯ ಕಾರುಗಳಲ್ಲಿ ಈ ಇತಿಹಾಸವೆಲ್ಲ ಒಂದೇ ಡಬ್ಬಿಯಲ್ಲಿ ಕಲೆತುಹೋಗಿರುತ್ತದೆ. ಅಂಗುಲದ ಹದಿನಾರರಲ್ಲಿ ಐದು ಪಾಲಿನ ಬೋಲ್ಟಿಗೂ 8 ಮಿಲಿಮೀಟರಿನ ಬೋಲ್ಟಿಗೂ ದಪ್ಪದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ. ಆದರೆ ಅವುಗಳ ಸುತ್ತುಗಳ ಅಂತರ ಬೇರೆ. ಒಂದನ್ನು ಇನ್ನೊಂದರ ರಂಧ್ರಕ್ಕೆ ಹಾಕಿದರೆ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಬಲ ಕೊಟ್ಟವನು ಕೆಟ್ಟ!

ಹೊಸ ಸುತ್ತಿನ ಹುಟ್ಟು

ಸುತ್ತುಗಳು ನಜ್ಜಿ, ಒಳಗೆ ಕೊಳೆ ತುಂಬಿದ್ದರೆ ಅದೇ ಅಳತೆಯ ಟ್ಯಾಪನ್ನು ಮೆಲ್ಲಗೆ ಇಳಿಸಿ ಶುಚಿಮಾಡಿದರೆ ಸಾಕು. ಹರಿದೇಹೋಗಿದ್ದರೆ ಎರಡು ಮಾರ್ಗಗಳಿವೆ.

ಸಾಮಾನ್ಯ ಬೋಲ್ಟಿನ ರಂಧ್ರಕ್ಕೆ ತಂತಿಯ ಸುರುಳಿಯನ್ನು ಕೂಡಿಸುತ್ತಾರೆ. 8 ಮಿಲಿಮೀಟರಿನ ಬೋಲ್ಟಾದರೆ ರಂಧ್ರವನ್ನು ಸುಮಾರು 8.3 ಮಿಲಿಮೀಟರಿಗೆ ಕೊರೆದು, ಸುರುಳಿಗೆಂದೇ ಇರುವ ಟ್ಯಾಪಿನಿಂದ ದೊಡ್ಡ ಸುತ್ತುಗಳನ್ನು ಮಾಡುತ್ತಾರೆ. ಅದರೊಳಗೆ ತುಕ್ಕುಹಿಡಿಯದ ಉಕ್ಕಿನ ಸುರುಳಿಯನ್ನು ತಿರುಗಿಸಿ ಇಳಿಸುತ್ತಾರೆ. ರಂಧ್ರಕ್ಕಿಂತ ತುಸು ದೊಡ್ಡದಾದ ಸುರುಳಿ ಹಿಗ್ಗಿ ಗೋಡೆಯನ್ನು ಒತ್ತಿ ನಿಲ್ಲುತ್ತದೆ. ಅದರ ಮೇಲಿನ ತುದಿ ಮೇಲ್ಮೈಗಿಂತ ಕಾಲು ಇಲ್ಲವೆ ಅರ್ಧ ಸುತ್ತು ಕೆಳಗಿರಬೇಕು. ತಳದಲ್ಲಿ ಹಿಡಿಯಲೆಂದು ಬಿಟ್ಟ ಕೊಕ್ಕೆಯನ್ನು ಮುರಿದು ಹೊರತೆಗೆಯಬೇಕು. ಹೀಗೆ ಸರಿಯಾಗಿ ಕೂತ ಸುತ್ತು, ಅಲ್ಯೂಮಿನಿಯಮ್ಮಿನಲ್ಲಿ ಮೊದಲಿದ್ದ ಸುತ್ತಿಗಿಂತ ಗಟ್ಟಿಯಾಗಿರುವುದೇ ಹೆಚ್ಚು.

ಪ್ಲಗ್ಗಿನ ರಂಧ್ರಕ್ಕೆ ನಮ್ಮ ಮೇಸ್ತ್ರಿ ಆರಿಸಿದ್ದು ಎರಡನೆಯ ಮಾರ್ಗ: ಗಟ್ಟಿ ಬುಷ್. ಅಲ್ಲಿ ಬೆಂಕಿಯೂ ಒತ್ತಡವೂ ಇವೆ. ಪ್ಲಗ್ಗಿನ ಶಾಖ ಸುತ್ತುಗಳ ಮೂಲಕವೇ ಹೆಡ್ಡಿಗೆ ಹರಿದುಹೋಗಬೇಕು. ಕೊರೆದ ಲೋಹದ ಚೂರುಗಳು ಸಿಲಿಂಡರಿಗೆ ಬಿದ್ದರೆ ಎಂಜಿನ್ನಿನ ಗತಿ ಮುಗಿದಂತೆ. ಆದ್ದರಿಂದ ಅವರು ನೀರನ್ನು ಇಳಿಸಿ, ನಟ್ಟುಗಳನ್ನು ಕ್ರಮವಾಗಿ ಸಡಿಲಿಸಿ, ಹೆಡ್ಡನ್ನೇ ಕಳಚಿ ಮೇಜಿನ ಮೇಲಿಟ್ಟರು.

ಆಗ ಒಂದು ವಿಚಿತ್ರ ಕಂಡಿತು. ಮಸಿಯನ್ನು ಒರೆಸಿದಾಗ ಮೊದಲನೆಯ ಸಿಲಿಂಡರಿನ ಪ್ಲಗ್ಗಿನ ರಂಧ್ರದ ಸುತ್ತ ಹಳದಿಯ ಉಂಗುರವೊಂದು ಹೊಳೆಯಿತು. ಅದು ಹಿತ್ತಾಳೆಯ ಬುಷ್! ಎಂದೋ, ಯಾರೋ ಹಾಕಿದ್ದು; ಹಾಕಿದ್ದೆಂದು ಯಾರಿಗೂ ತಿಳಿಯದಷ್ಟು ಅಚ್ಚುಕಟ್ಟಾಗಿ ದುಡಿಯುತ್ತಿತ್ತು.

ಮೇಸ್ತ್ರಿ ರಂಧ್ರವನ್ನು ನೇರವಾಗಿ ಹಿಗ್ಗಿಸಿ, ಸೀಮೆಎಣ್ಣೆ ಬಿಟ್ಟು ಟ್ಯಾಪನ್ನು ಇಳಿಸಿದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರು ಮುರಿಯಲಿ ಎಂದು ಹಿಂದೆ, ಅವಸರವೇ ಇಲ್ಲ. ಲೇತಿನಲ್ಲಿ ಕಡೆಸಿ ತಂದ, ಹೊರಗೂ ಒಳಗೂ ಸುತ್ತುಗಳಿದ್ದ ಬುಷ್ಷನ್ನು ಅದರಲ್ಲಿ ಕೂಡಿಸಿ ಭದ್ರಪಡಿಸಿದರು. ಹೊಸ ಪ್ಲಗ್ಗು ಬೆರಳಿನಿಂದಲೇ ತಳದವರೆಗೆ ಇಳಿಯಿತು. ಹೊಸ ಗ್ಯಾಸ್ಕೆಟ್ ಹಾಕಿ ಹೆಡ್ಡನ್ನು ಕೂಡಿಸುವಾಗ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿದರು.

ಹೊರಡುವ ಮುನ್ನ ನನಗೆ ಬುದ್ಧಿ ಹೇಳಲು ಅವರು ಮರೆಯಲಿಲ್ಲ. ಎಂಜಿನ್ನು ತಣ್ಣಗಿರುವಾಗಲೇ ಪ್ಲಗ್ಗು ಬಿಚ್ಚಬೇಕು. ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಬೇಕು. 'ಟಕ್' ಎಂದು ಸುತ್ತು ಕೂತ ಮೇಲೆ ಮುಂದಕ್ಕೆ. ಬೆರಳಿನಿಂದ ತಳ ಮುಟ್ಟಿಸಿದ ಮೇಲೆ ಹೊಸ ವಾಷರಿಗೆ ಸುಮಾರು ಅರ್ಧ ಸುತ್ತು ಸಾಕು. ಎಣ್ಣೆ ಸವರಿದ ಬೋಲ್ಟಿಗೆ ಒಣ ಬೋಲ್ಟಿನಷ್ಟು ಬಲ ಕೊಡಬಾರದು. ಉಜ್ಜಾಟ ಕಡಿಮೆಯಾಗಿ ಅದೇ ಬಲಕ್ಕೆ ಸೆಳೆತ ಮಿತಿಮೀರುತ್ತದೆ.

ಯುಗಾದಿಯ ಬೆಳಿಗ್ಗೆ ಕಾರು ಮೊದಲ ಪ್ರಯತ್ನಕ್ಕೇ ಹೊರಟಿತು. ದೇವಸ್ಥಾನದಿಂದ ಹಿಂದಿರುಗುವಾಗ ಮನಸ್ಸು ತಡೆಯದೆ ತಾಯಿಯವರಿಗೆ ಎಲ್ಲವನ್ನೂ ಹೇಳಿದೆ. ಹಿತ್ತಾಳೆಯ ಉಂಗುರದ ಮಾತು ಬಂದಾಗ ಅವರು ನಕ್ಕುಬಿಟ್ಟರು.

"ಅದು ನೀನು ಎರಡನೇ ಕ್ಲಾಸಿನಲ್ಲಿದ್ದಾಗಿನ ಮಾತು ಕಣೋ. ನಿಮ್ಮ ಅಪ್ಪನೂ ಹೀಗೇ ತಾನೇ ಮಾಡ್ತೀನಿ ಅಂತ ಹೋಗಿ ಕೆಡಿಸಿದ್ರು. ಮೂರು ದಿನ ನನ್ನ ಹತ್ತಿರ ಬಾಯೇ ಬಿಟ್ಟಿರಲಿಲ್ಲ!"

ಈಗ ಆ ಹೆಡ್ಡಿನಲ್ಲಿ ಎರಡು ಉಂಗುರಗಳಿವೆ. ಒಂದು ಅವರದು, ಒಂದು ನನ್ನದು. ನನ್ನ ಮಗ ಮೊನ್ನೆ ಸ್ಪ್ಯಾನರು ಕೇಳಿದ. ಕೊಟ್ಟೆ. ಕೊಡುವ ಮುನ್ನ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸುವುದನ್ನು ಕಲಿಸಿದೆ.