ಯಂತ್ರದ ಲೆಕ್ಕಕ್ಕೆ ಸಹಿ ಹಾಕುವವರು ಯಾರು?

ಮೊಬೈಲಿನಲ್ಲಿ ಬರುವ ಕೃತಕ ಬುದ್ಧಿಮತ್ತೆಯ ಸಲಹೆಯನ್ನು ನಂಬಿ ತೋಟದ ಕೆಲಸ ಮಾಡಬಹುದೇ ಎಂದು ಸದಸ್ಯ ಬಾಂಧವರು ಈಚೆಗೆ ಸಂಘದ ಕಚೇರಿಯಲ್ಲಿ ಕೇಳತೊಡಗಿದ್ದಾರೆ. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ 2025ರ ಮುಂಗಾರಿನಲ್ಲಿ ನಡೆದುದನ್ನು ತಿಳಿದರೆ ಯೋಚನೆಗೆ ದಾರಿಯಾದೀತು.

ಆ ವರ್ಷ ಮುಂಗಾರು ವಾಡಿಕೆಗಿಂತ ಒಂದು ವಾರ ಮೊದಲೇ, ಮೇ 24ರಂದು ಕೇರಳ ಮುಟ್ಟಿತು. ಆದರೆ ಮೇ ಕೊನೆಗೆ ಅದರ ನಡಿಗೆ ನಿಂತುಬಿಟ್ಟಿತು. ಜೂನ್ ಮಧ್ಯದವರೆಗೆ ಉತ್ತರಕ್ಕೆ ಏರಲಿಲ್ಲ. ಮೊದಲ ಹನಿ ನೋಡಿ ಬಿತ್ತಿದವನ ಬೀಜ ಮಣ್ಣಿನಲ್ಲೇ ಒಣಗುವ ಹೊತ್ತು ಅದು. ಕೇಂದ್ರ ಕೃಷಿ ಸಚಿವಾಲಯವು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮಳೆ ಹಿಡಿಯುವ ಕಾಲವನ್ನು ನಾಲ್ಕು ವಾರ ಮುಂಚಿತವಾಗಿಯೇ ಎಸ್ಸೆಮ್ಮೆಸ್ ಮೂಲಕ ತಿಳಿಸಿತ್ತು. ನಡುವಿನ ಈ ತಡೆಯನ್ನೂ ಆ ಮುನ್ಸೂಚನೆ ಗುರುತಿಸಿತ್ತು.

ಲೆಕ್ಕ ಹಾಕಿದವು ಗೂಗಲ್ಲಿನ ಹಾಗೂ ಯುರೋಪಿನ ಹವಾಮಾನ ಕೇಂದ್ರದ ಕೃತಕ ಬುದ್ಧಿಮತ್ತೆಯ ಮಾದರಿಗಳು. ಅವುಗಳ ಜೊತೆಗೆ ಬೆರೆಸಿದ್ದು ನಮ್ಮ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆ. ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಯಾರೋ ಬರೆದಿಟ್ಟ ಅಂಕಿಗಳವು. ನಮ್ಮ ಕಾಫಿ ತೋಟಗಳಲ್ಲಿ ಇಂದಿಗೂ ಇಂಚು-ಸೆಂಟಿನ ಲೆಕ್ಕ ಬರೆಯುವ ಹಿರಿಯರನ್ನು ಕಂಡು ನಗುವ ಮಕ್ಕಳು ಇದನ್ನು ಗಮನಿಸಬೇಕು!

ಇಲ್ಲಿ ಮುಂದಾಳುಗಳು ಮಾಡಿದ ಕೆಲಸ ದೊಡ್ಡದು. ಒಟ್ಟು ಮಳೆ ಎಷ್ಟು ಎಂಬುದಕ್ಕಿಂತ ಬಿತ್ತನೆಗೆ ಬೇಕಾದ ಮಳೆ ಎಂದು ಹಿಡಿಯುತ್ತದೆ ಎಂಬ ರೈತನ ಪ್ರಶ್ನೆಯನ್ನೇ ಯಂತ್ರಕ್ಕೆ ಹಾಕಿದರು. ಸಂದೇಶ ಕಳುಹಿಸಿ ಸುಮ್ಮನಾಗದೆ, ಮಧ್ಯಪ್ರದೇಶ ಮತ್ತು ಬಿಹಾರದಲ್ಲಿ ಫೋನು ಮಾಡಿ ವಿಚಾರಿಸಿದರು. ಶೇ. 31ರಿಂದ 52ರಷ್ಟು ರೈತರು ಅದರಂತೆ ಬಿತ್ತನೆಯ ತೀರ್ಮಾನ ಬದಲಿಸಿದ್ದೆವೆಂದರು.

ನಮ್ಮ ಪ್ರಶ್ನೆಗಳು ಬೇರೆ. ರೊಬಸ್ಟಾಕ್ಕೆ ಹೂಮಳೆ ಕಾಯಬೇಕೇ, ಸ್ಪ್ರಿಂಕ್ಲರ್ ಹಾಕಿ ಡೀಸೆಲ್ ಸುಡಬೇಕೇ? ಕೊಳೆರೋಗಕ್ಕೆ ಮೊದಲ ಬೋರ್ಡೋ ಸಿಂಪಡಣೆ ಯಾವ ವಾರ? ಮಳೆ ಬರುವ ದಿನವನ್ನು ಯಂತ್ರ ಹೇಳಬಹುದು. ಕೊನೆಗಾರ ಸಿಗುವ ದಿನವನ್ನು ಹೇಳಲಾರದು. ಇನ್ನು ಎಲೆಯ ಚಿತ್ರ ತೆಗೆದು ರೋಗ ಕೇಳುವ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಅಡಿಕೆಯ ಸೋಗೆ ಹಳದಿ ಎಲೆ ರೋಗದಿಂದಲೂ ಹಳದಿಯಾಗುತ್ತದೆ, ಬಸಿಗಾಲುವೆ ಹೂತು ಬೇರು ನೀರಿನಲ್ಲಿ ನಿಂತರೂ ಹಳದಿಯಾಗುತ್ತದೆ. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಗುದ್ದಲಿಯೇ ಮದ್ದು. ಸೋಗೆಯ ಚಿತ್ರದಲ್ಲಿ ಬಸಿಗಾಲುವೆ ಕಾಣುವುದಿಲ್ಲ. ಮದ್ದಿಲ್ಲವೆಂದು ನಂಬಿ ಫಲದ ಮರಗಳನ್ನು ಕಡಿದರೆ ಆ ನಷ್ಟಕ್ಕೆ ಮೊಬೈಲು ಹೊಣೆಯಾಗುವುದಿಲ್ಲ.

ಆದುದರಿಂದ ಆಡಳಿತ ಸಮಿತಿಯ ಮುಂದೆ ನಾವು ಇಡುವ ಸಲಹೆ ಇಷ್ಟು: ಯಂತ್ರದ ಯಾವ ಸಲಹೆಯೂ ತೋಟ ನೋಡಿ ಬಂದ ಒಬ್ಬ ನಿರ್ದೇಶಕರ ಸಹಿಯಿಲ್ಲದೆ ಸಂಘದ ಸೂಚನಾಫಲಕಕ್ಕೆ ಏರಬಾರದು. ಸಲಹೆ ಫಲಿಸಿತೇ, ತಪ್ಪಿತೇ ಎಂಬುದನ್ನು ಒಂದು ವರ್ಷ ದಾಖಲಿಸಬೇಕು. ಹಳೆಯ ಮಳೆ ಪುಸ್ತಕಗಳಿರುವ ಸದಸ್ಯರು ಅವನ್ನು ಕಚೇರಿಗೆ ತಂದರೆ ನಕಲು ಮಾಡಿಕೊಂಡು ಹಿಂದಿರುಗಿಸುತ್ತೇವೆ.